ಕಂಪೈಲರಿನ ತಿರುಗಾಟ

ಎರಡು ಸಾವಿರದ ಇಸವಿ ದಾಟಿದ ಹೊಸತು. ಮರಾಠಿ ಸೀಮೆಯ ಕೋಥರೂಡ ಬಡಾವಣೆಯ ಒಂದು ವಸತಿ ಸೊಸೈಟಿಯ ನೆಲಮಾಳಿಗೆಯಲ್ಲಿ ನಮ್ಮ ಆಫೀಸು. ನಾನೂ ಗದಗಿನ ಕಡೆಯ ಗೆಳೆಯನೂ ಸೇರಿ ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ಕಂಪೈಲರ್, ಅಂದರೆ ಅದರಲ್ಲಿ ಬರೆದದ್ದನ್ನು ಕಂಪ್ಯೂಟರ್ ಓಡಿಸಬಲ್ಲ ಪ್ರೋಗ್ರಾಮಾಗಿ ಮಾಡಿಕೊಡುವ ಸಾಧನ, ಬರೆಯುತ್ತಿದ್ದೆವು. ಅದನ್ನು ಬರೆಸುತ್ತಿದ್ದ ಗಿರಾಕಿ ಆ ಸಂಜೆ ನೋಡಲು ಬರುವವನಿದ್ದ. ಮೆಚ್ಚದಿದ್ದರೆ ಕೆಲಸ ಬಂದ್. ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡ ಜೀವ ನನ್ನದು, ಅವತ್ತಂತೂ ಕುರ್ಚಿಯೇ ಚುಚ್ಚುತ್ತಿತ್ತು.

ಆ ಭಾಷೆಯಲ್ಲಿ ಒಂದು ವಸ್ತುವನ್ನು ತೆರೆಯ ಮೇಲೆ ಹೇಗೆ ತೋರಿಸಬೇಕೆಂದು ಪ್ರತಿ ಸಲ ಹೇಳಬೇಕಿಲ್ಲ. ಅದರ ಟೈಪ್, ಅಂದರೆ ಅದು ಯಾವ ಬಗೆಯದು ಎಂಬುದನ್ನು, ನೋಡಿ ಕಂಪೈಲರೇ ನಿಯಮ ಹುಡುಕುತ್ತದೆ. ಸಂಖ್ಯೆಗಳ ಪಟ್ಟಿಯಾದರೆ ಮೊದಲು ಪಟ್ಟಿಯ ನಿಯಮ, ಆಮೇಲೆ ಸಂಖ್ಯೆಯ ನಿಯಮ. "ನಮ್ಮ ಕಡೆ ಹಿರೇರು ನೀವು ಯಾರ ಪೈಕಿ, ಅವರು ಯಾರ ಪೈಕಿ ಅಂತ ಕೇಳ್ಕೋತ ಹೋಗ್ತಾರಲ್ರಿ, ಹಂಗ," ಎನ್ನುತ್ತಿದ್ದ ಗೆಳೆಯ.

ಅವತ್ತು ಬೆಳಿಗ್ಗೆ ಕಂಪೈಲರ್ ಉಸಿರೆತ್ತದೆ ಕೂತಿತು. ಚಹಾ ಕುಡಿದು ಬಂದೆ, ಹಾಗೇ ಇತ್ತು. ಯೋಚಿಸುತ್ತಿದೆಯೋ ಅಲೆಯುತ್ತಿದೆಯೋ ತಿಳಿಯದೆ ನನಗೆ ಸಿಟ್ಟು ನೆತ್ತಿಗೇರಿತು. ನಿಲ್ಲಿಸಿ ಒಳಗೆ ನೋಡಿದೆ. ಮರದಂತೆ ಕವಲೊಡೆದ ಮಾಹಿತಿಯನ್ನು ತೋರಿಸಲು ಕೊಂಬೆಗಳ ಪಟ್ಟಿಯ ನಿಯಮ ಬೇಕು, ಪಟ್ಟಿಗೆ ಕೊಂಬೆಯ ನಿಯಮ ಬೇಕು, ಕೊಂಬೆಯೂ ಒಂದು ಮರವೇ. ಕೇಳಿದ್ದನ್ನೇ ಕೇಳುತ್ತ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಕೇಳಿದ ಪ್ರಶ್ನೆಯೇ ಮತ್ತೆ ಬಂದರೆ ಉತ್ತರ ಸಿಕ್ಕಿತೆಂದೇ ತಿಳಿದು ಮುಂದೆ ಹೋಗು ಎಂದು ಬರೆದೆ. ಮರ ತೆರೆಯ ಮೇಲೆ ಮೂಡಿತು. ಆದರೂ ಊಟಕ್ಕೇಳಲು ಮನಸ್ಸು ಒಪ್ಪಲಿಲ್ಲ. ಒಂದಕ್ಕೆ ಇನ್ನೊಂದೇ ಆಧಾರವಾದ, ಬೇರೆ ಬುಡವಿಲ್ಲದ ಎರಡು ನಿಯಮ ಕೊಟ್ಟು ನೋಡಿದೆ. ಕಂಪೈಲರ್ ತಕ್ಷಣ ಒಪ್ಪಿತು. ತಯಾರಾದ ಪ್ರೋಗ್ರಾಮ್ ಮಾತ್ರ ಓಡಲು ಶುರುವಾದದ್ದು ನಿಲ್ಲಲೇ ಇಲ್ಲ. ಕಂಪೈಲರಿನ ತಿರುಗಾಟ ಈಗ ಪ್ರೋಗ್ರಾಮಿಗೆ ಅಂಟಿತ್ತು.

"ಡೆಮೋದಾಗ ಅದು ಬರಂಗಿಲ್ರಿ. ಸುಮ್ನಿರ್ರಿ," ಎಂದ ಗೆಳೆಯ.

ಸಂಜೆ ಗಿರಾಕಿ ಮರ ನೋಡಿ ಮೆಚ್ಚಿ "ಛಾನ್" ಎಂದ. ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತದೆಯೇ ಎಂದು ಕೇಳಿದ. ನನಗೆ ತಡೆಯಲಾಗಲಿಲ್ಲ, ಆ ಎರಡು ನಿಯಮ ಕೊಟ್ಟು ತೋರಿಸಿಬಿಟ್ಟೆ. ಸರಿಮಾಡಲು ಎಷ್ಟು ದಿನ ಎಂದ. ಗೊತ್ತಿಲ್ಲ ಎಂದೆ. ಹಾಗಾದರೆ ಇಲ್ಲಿಗೇ ಸಾಕು ಎಂದು ಎದ್ದುಹೋದ.

ಶಿವಾಜಿನಗರಕ್ಕೆ ಹೋಗುವ ಬಸ್ಸಿನಲ್ಲಿ ಗೆಳೆಯ ಕಿಡಿಕಾರಿದ. "ಬಾಯಿ ಮುಚ್ಕೊಂಡು ಕೂತಿದ್ರ ಇನ್ನೊಂದು ವರ್ಷ ಕೆಲಸ ಇತ್ರಿ ನಮಗ!" ಅವನ ಮಾತು ನಿಜವಿತ್ತು, ನನಗೂ ಭಾಳ ದುಃಖವಾಗಿತ್ತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಪ್ರತಿ ಸುತ್ತಿಗೂ ವಸ್ತು ಸಣ್ಣದಾಗ್ತದೋ ಇಲ್ಲೋ ಅಂತ ಮೊದಲ ನೋಡಿದ್ರ ಹೆಂಗ್ರಿ? ಮರದಾಗ ಆಗ್ತದ, ಆ ಎರಡು ನಿಯಮದಾಗ ಆಗೂದಿಲ್ಲ."

ಅವನು ನನ್ನನ್ನು ದುರುಗುಟ್ಟಿ ನೋಡಿ ಮುಖ ತಿರುಗಿಸಿದ. ಮೂರನೆಯ ಸ್ಟಾಪಿಗೆ ಬ್ಯಾಗು ಹೆಗಲಿಗೇರಿಸಿ ಎದ್ದ.

"ಇಳೀರಿ. ಆಫೀಸಿನ ಕೀಲಿ ಇನ್ನೂ ನನ್ನ ಕಡೆನ ಅದ."