ಕುರಿದೊಡ್ಡಿಯ ಕೆಳಗಿನ ಕೋಣೆ

ಈ ಬರಹದಲ್ಲಿ ಕೊರತೆಗಳಿರುವುದು ಖಚಿತ. ಓದುಗರು ಸೈರಿಸಿಕೊಳ್ಳಬೇಕೆಂದು ಮೊದಲೇ ವಿನಂತಿಸುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿತಿದ್ದೇನೆ, ಕಥನದ ಕ್ರಮವನ್ನು ಕಲಿತಿಲ್ಲ. ಹೇಳಬೇಕಾದ ವಿಷಯವೂ ನಮ್ಮಲ್ಲಿ ಗಂಡಸರ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ಆದರೆ ಅದಕ್ಕೆ ಮರ್ಯಾದೆಯ ಹೆಸರೊಂದನ್ನು ಹೊದಿಸಿದವರನ್ನು ನಾನು ಕಂಡಿದ್ದೇನೆ. ಆ ಹೇಸಿಗೆ ನನಗೆ ಬೇಡ. ಇದು ಮುಟ್ಟಾದ ಹೆಂಗಸರು ಎಲ್ಲಿ ಮಲಗಬೇಕೆಂಬುದರ ಬಗ್ಗೆ.

ನಾವು ತೊಗರ್ಸಿಯ ಕಡೆಯ ಕುರಿ ಸಾಕುವವರು. ಮಳೆಗಾಲದಲ್ಲಿ ಹೊಲಗಳ ತುಂಬ ಮೆಕ್ಕೆಜೋಳ ನಿಂತಿರುವುದರಿಂದ ಕುರಿಗಳಿಗೆ ಊರಲ್ಲಿ ಜಾಗವಿರುವುದಿಲ್ಲ. ಆಗ ಅಪ್ಪ ಮತ್ತು ದೊಡ್ಡಪ್ಪ ಕೂಡಿ ಹಿಂಡನ್ನು ಸೊರಬದ ಗಡಿಯತ್ತಣ ಗುಡ್ಡಕ್ಕೆ ಹತ್ತಿಸುತ್ತಾರೆ. ಅಡುಗೆಗೂ ಮರಿಗಳ ಆರೈಕೆಗೂ ಎರಡೂ ಮನೆಯ ಹೆಂಗಸರು ಜೊತೆಗೆ ಹೋಗಬೇಕು. ಮೊದಲೆಲ್ಲ ಅಲ್ಲಿದ್ದದ್ದು ಗೂಟಗಳ ಮೇಲೆ ಎಳೆದು ಕಟ್ಟಿದ ಒಂದು ತಾಡಪಾಲು. ಅದರ ನಡುಗಂಬಕ್ಕೆ ದೇವರ ಬುಟ್ಟಿ ತೂಗುತ್ತಿತ್ತು. ಭಂಡಾರ, ಗಂಟೆ, ಒಂದು ಬೆತ್ತ. ಹಿಂಡು ಹೋದಲ್ಲಿಗೆ ಆ ಬುಟ್ಟಿಯೂ ಹೋಗುತ್ತದೆ, ಅದನ್ನು ಹೊರುವವರು ದೊಡ್ಡಪ್ಪ. ದೇವರಿರುವ ಸೂರಿನಡಿ ಮುಟ್ಟಾದವರು ಕಾಲಿಡುವಂತಿಲ್ಲ. ಅವರಿಗಾಗಿ ದೊಡ್ಡಿಯ ಕೆಳಗೆ, ಇಳಿಜಾರಿನಲ್ಲಿ, ಗೊಬ್ಬರದ ಹಳೆಯ ಚೀಲಗಳನ್ನು ಹೊಲಿದು ಮಾಡಿದ ಒಂದು ಮರೆ ಇತ್ತು. ಕುರಿಗಳ ಉಚ್ಚೆ ಮಳೆನೀರಿನೊಂದಿಗೆ ಸೇರಿ ಅದರೊಳಗೇ ಹರಿಯುತ್ತಿತ್ತು. ಹಾಸಿದ ಚೀಲದ ಕೆಳಗೆ ಹಿಕ್ಕೆ ತೇಲುತ್ತಿತ್ತು; ಬೆಳಿಗ್ಗೆ ಎದ್ದರೆ ಕಿವಿಯ ಹಿಂದೆ ಉಣ್ಣಿಗಳು ಕಚ್ಚಿಕೊಂಡಿರುತ್ತಿದ್ದವು. ನಾನೂ ಅಲ್ಲಿ ಮಲಗಿದ್ದೇನೆ. ನನ್ನ ಕೂದಲಿನಿಂದ ಆ ವಾಸನೆ ಹೋಗಿಲ್ಲವೆಂಬ ಶಂಕೆಯಿಂದ ಕಾಲೇಜಿನಲ್ಲಿ ಯಾರ ಪಕ್ಕದಲ್ಲೂ ನೆಮ್ಮದಿಯಾಗಿ ಕುಳಿತವಳಲ್ಲ.

ಅಣ್ಣನ ಮದುವೆಯಾಗಿ ಸೊರಬದಿಂದ ಅತ್ತಿಗೆ ಬಂದರು. ಮೊದಲ ಮಳೆಗಾಲದಲ್ಲೇ ಆ ಮರೆಯಲ್ಲಿ ಮಲಗಿ ಅವರಿಗೆ ಜ್ವರ ಏರಿತು, ಎದೆಯಲ್ಲಿ ಕಫ ಕಟ್ಟಿತು. ಸೊರಬದ ಆಸ್ಪತ್ರೆಯಿಂದ ನೇರವಾಗಿ ತವರಿಗೆ ಹೋದವರು ಬೇಸಿಗೆಯವರೆಗೆ ಬರಲಿಲ್ಲ. ಬಂದ ಮೇಲೆ, ಇನ್ನೊಮ್ಮೆ ಅಲ್ಲಿ ಮಲಗಿಸಿದರೆ ತಿರುಗಿ ಬರುವ ಮಾತಿಲ್ಲವೆಂದು ಅಣ್ಣನಿಗೆ ತಿಳಿಸಿದರು. ಅವರು ಹೆದರಿಸಲು ಮಾತಾಡುವವರಲ್ಲ.

ಅದೇ ಬೇಸಿಗೆಯಲ್ಲಿ ಒಂದು ಸಂಸ್ಥೆ ಗುಡ್ಡದ ಮೇಲೆ ಕುರಿಗಾರರಿಗೆ ಪರಿಸರಸ್ನೇಹಿ ಸಮುದಾಯ ತಂಗುದಾಣ ಕಟ್ಟಿಕೊಡಲು ಮುಂದಾಯಿತು. ಶಿಕಾರಿಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಗೆ ಅದರ ನಕ್ಷೆಯ ಹೊಣೆ ಬಂತು; ಜಾಗ ಬಲ್ಲವಳೆಂದು ನನಗೇ ವಹಿಸಿದರು. ನಾನು ಬರೆದದ್ದು ಒಂದೇ ಉದ್ದನೆಯ ಸೂರು. ಸೊರಬದ ಕಡೆಯ ಜಂಬಿಟ್ಟಿಗೆಯ ಗೋಡೆ, ಬಿದಿರಿನ ಮೇಲೆ ಹಳೆಯ ಹೆಂಚು, ಹೆಂಚಿನ ನೀರು ಬೀಳುವುದಕ್ಕೊಂದು ತೊಟ್ಟಿ. ಮೇಲ್ತುದಿಯಲ್ಲಿ ಜನ, ಕೆಳತುದಿಯಲ್ಲಿ ಕುರಿ, ನಡುವೆ ಎದೆಯೆತ್ತರದ ಗೋಡೆ. ದೊಡ್ಡಿಯ ನೆಲಕ್ಕೆ ನೀರು ಹೊರಗೆ ಇಳಿದುಹೋಗುವಂತೆ ವಾಟ. ಎರಡೂ ಮನೆಯ ಗಂಡಸರು, ಹೆಂಗಸರು ಎಲ್ಲರೂ ಒಳಗೆ, ದೇವರ ಬುಟ್ಟಿಯೂ.

ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ ದಿನ ದೊಡ್ಡಪ್ಪ ಸುತ್ತು ಹಾಕಿ ನೋಡಿ, ಎಲ್ಲವೂ ಒಪ್ಪವಾಗಿದೆಯೆಂದರು. ಬಳಿಕ, ಹೊರಗಾದವರು ಇರುವುದೆಲ್ಲಿ ಎಂದು ಕೇಳಿದರು. ಒಳಗೇ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಸ್ಥೆಯ ಅಧಿಕಾರಿ ನನ್ನತ್ತ ತಿರುಗಿ, ಸ್ಥಳೀಯ ಸಂಪ್ರದಾಯವನ್ನು ಗೌರವಿಸಬೇಕೆಂದೂ ಅದಕ್ಕೊಂದು ಕೋಣೆ ಸೇರಿಸಿ ‘ಮಹಿಳಾ ವಿಶ್ರಾಂತಿ ಕೊಠಡಿ’ ಎಂದು ಬರೆಯಬೇಕೆಂದೂ ಮೃದುವಾಗಿ ತಿಳಿಸಿದರು. ವಿಶ್ರಾಂತಿ! ಹಾಗಾದರೆ ಮೇಲಿನ ಬಂಡೆಯ ಪಕ್ಕದ ಒಣ ಜಾಗದಲ್ಲಾದರೂ ಕಟ್ಟೋಣವೆಂದೆ. ಅಷ್ಟು ಎತ್ತರಕ್ಕೆ ಕಲ್ಲು ಹೊರುವವರಾರು ಎಂದು ದೊಡ್ಡಪ್ಪ ನಕ್ಕರು. ದೊಡ್ಡಿಯ ಕೆಳಗೆ, ವಾಟದ ನೀರು ಇಳಿಯುವಲ್ಲಿಗೆ ಕೋಲು ತೋರಿಸಿದರು. ಅಧಿಕಾರಿ ತಲೆಯಾಡಿಸಿದರು. ಗೆರೆ ಬಿತ್ತು.

ಮರುದಿನ ಅತ್ತಿಗೆ ಅಮ್ಮನೊಂದಿಗೆ ಬುತ್ತಿ ತಂದರು. ಕೆಳಗಿನ ಚೌಕವನ್ನು ನೋಡಿದ ಕೂಡಲೇ ಅದು ಯಾರಿಗೆಂದು ಅವರಿಗೆ ತಿಳಿಯಿತು.

“ಎಂತ ಮಾರಾಯ್ತಿ, ನೀ ಬರೆದ ಮನೇಲಿ ನಂಗೆ ಇದೇಯ ಜಾಗ? ಹೋದ ಸಲ ಚೀಲ ಇತ್ತು, ಈ ಸಲ ಹೆಂಚು. ಉಚ್ಚೆ ಮಾತ್ರ ಅದೇ.”

ಅಪ್ಪ ದೊಡ್ಡಪ್ಪನ ಪಕ್ಕದಲ್ಲಿ ಕಂಬಳಿಯ ಅಂಚು ಬಿಡಿಸುತ್ತ ಕುಳಿತಿದ್ದರು. ಅಮ್ಮ ಬುತ್ತಿಯನ್ನು ಕೆಳಗಿಟ್ಟರು. ನಮ್ಮಲ್ಲಿ ಹೆಂಗಸರು ಗಂಡನ ಅಣ್ಣನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಮೂರನೆಯವರಿಗೆ ಹೇಳುವಂತೆ ಹೇಳಬೇಕು. ಅಮ್ಮ ಸೆರಗು ಸರಿಪಡಿಸಿ ನನ್ನ ಕಡೆಗೇ ಮುಖ ಮಾಡಿದರು.

“ನಿಮ್ ದೊಡ್ಡಪ್ಪಗೆ ಒಂದ್ ಮಾತು ಕೇಳವ್ವ. ನಾವು ಒಳಗಿದ್ರೆ ದೇವ್ರಿಗೆ ಆಗಲ್ಲ ಅಂದ್ರೆ, ದೇವ್ರಿಗೇ ಬೇರೆ ಮನಿ ಕಟ್ಟಿದ್ರೆ ಆಗಲ್ಲೇನು? ನಾವು ಬಾಳ ಮಂದಿ ಅದೀವಿ. ಅವ್ನು ಒಬ್ಬನೇ.”

ಗಾರೆಯವರು ಕೆಲಸ ನಿಲ್ಲಿಸಿ ನೋಡಿದರು. ದೇವರಿಗೆ ಮನೆ ಬೇಡವೆನ್ನಲು ಬುಟ್ಟಿ ಹೊರುವವರಿಗೆ ಸಾಧ್ಯವಿರಲಿಲ್ಲ. ದೊಡ್ಡಪ್ಪ ಕೆಳಗಿನ ಚೌಕದತ್ತ ನೋಡಿ, ಅವರೂ ನನಗೇ ಹೇಳಿದರು.

“ಆ ಉಚ್ಚೆ ಹರಿಯೋ ಜಾಗದಾಗ ದೇವ್ರನ್ನ ಕೂರ್ಸಾಕ್ ಆಗ್ತತೇನು? ಹೇಸಿಗಿ. ಮ್ಯಾಲೆ ಬಂಡೆ ಮಗ್ಗುಲಿಗೆ ಕಟ್ಟು. ದೇವ್ರ ಕಟ್ಟಿ ಎತ್ತರ ಇರ್ಲಿ.”

ಅತ್ತಿಗೆಗಾಗಿ ನಾನು ಕೇಳಿದ್ದ ಜಾಗ ಅದೇ. ಹಿಂದಿನ ದಿನ ಕಲ್ಲು ಹೊರುವವರಿರಲಿಲ್ಲ; ಆ ದಿನ ಮಧ್ಯಾಹ್ನದೊಳಗೆ ದೊಡ್ಡಪ್ಪನ ಮಕ್ಕಳೇ ಹೊತ್ತು ಹಾಕತೊಡಗಿದರು. ಕೆಳಗಿನ ಜಾಗ ಹೇಸಿಗೆಯೆಂಬುದು ಅವರೆಲ್ಲರಿಗೂ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿ ನಮ್ಮನ್ನು ಮಲಗಿಸುತ್ತಿದ್ದರು. ಆ ಗೊಬ್ಬರದ ಚೀಲದ ವಾಸನೆಗಿಂತ ಈ ತಿಳಿವೇ ನನಗೆ ಹೆಚ್ಚು ವಾಕರಿಕೆ ತಂದದ್ದು. ಅಧಿಕಾರಿಯಂತೂ ಇದು ಇನ್ನೂ ಚೆನ್ನಾಯಿತೆಂದು, ವರದಿಯಲ್ಲಿ ಪವಿತ್ರ ತಾಣವೆಂದು ಸೇರಿಸಬಹುದೆಂದು, ಬಂಡೆಯ ಫೋಟೊ ತೆಗೆದುಕೊಂಡರು. ನಾನು ವಿನಯದಿಂದ ಪಕ್ಕಕ್ಕೆ ಸರಿದು ನಿಂತೆ. ಆ ವಿನಯವನ್ನು ನೆನೆದರೂ ಅಸಹ್ಯವಾಗುತ್ತದೆ.

ಮಳೆ ಹಿಡಿಯುವ ಮೊದಲೇ ತಂಗುದಾಣ ಮುಗಿಯಿತು; ಕೆಳಗಿನ ಚೌಕ ಬರೀ ಗೆರೆಯಾಗಿಯೇ ಉಳಿಯಿತು. ಸೋರಲಿಲ್ಲ. ಕುರಿಗಳ ಗೊರಸು ಕೊಳೆಯುವುದು ಕಡಿಮೆಯಾಯಿತು. ಆಷಾಢದಲ್ಲಿ ಅತ್ತಿಗೆ ಮುಟ್ಟಾದಾಗ ಅಮ್ಮ ಅವರ ಹಾಸಿಗೆಯನ್ನು ಒಲೆಯ ಹತ್ತಿರವೇ ಬಿಡಿಸಿದರು. ದೊಡ್ಡಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ದೇವರ ಕೋಣೆಗೆ ಹೋಗಿ ಮಲಗಿದರು. ಮಳೆಗಾಲ ಮುಗಿಯುವವರೆಗೂ ಅಲ್ಲೇ ಮಲಗಿದರು. ದೊಡ್ಡಮ್ಮ ಮಾತ್ರ ಅತ್ತಿಗೆ ಮುಟ್ಟಿದ ಕೊಡಗಳನ್ನು ದಿನವೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು, ಎಲ್ಲರಿಗೂ ಕಾಣುವಂತೆ.

ಮರುವರ್ಷ ಹಿಂಡು ಎರಡಾಯಿತು. ದೊಡ್ಡಪ್ಪ ತಮ್ಮ ಪಾಲಿನ ಕುರಿಗಳನ್ನೂ ದೇವರ ಬುಟ್ಟಿಯನ್ನೂ ಬಳ್ಳಿಗಾವಿಯ ಕಡೆಗೆ ಒಯ್ದರು. ಆ ಮನೆಯವರು ಈಗ ನಮ್ಮಲ್ಲಿ ನೀರನ್ನೂ ಮುಟ್ಟುವುದಿಲ್ಲ. ಹಿಂಡು ಚಿಕ್ಕದಾದುದರಿಂದ ಅಣ್ಣ ಅಂಬ್ಲಿಗೊಳದ ನಾಲೆಯ ಕೆಳಗೆ ಬೆಳೆಯಲ್ಲಿ ಪಾಲು ಕೊಡುವ ಕೋರಿಗೆ ಗದ್ದೆ ಹಿಡಿದಿದ್ದಾನೆ. ಅತ್ತಿಗೆ ತವರಿಗೆ ಹಬ್ಬಕ್ಕೆ ಹೋಗುತ್ತಾರೆ, ಹಿಂತಿರುಗಿ ಬರುತ್ತಾರೆ. ಗುಡ್ಡದಲ್ಲಾಗಲಿ ಊರಲ್ಲಾಗಲಿ ನಮ್ಮ ಮನೆಯ ಹೆಂಗಸರು ಈಗ ಹೊರಗೆ ಮಲಗುವುದಿಲ್ಲ.