ಒಂದು ನಮಾಜಿನಿಂದ ಇನ್ನೊಂದಕ್ಕೆ

ಎರಡು ವರ್ಷದ ಹಿಂದೆ ರಂಜಾನಿನ ಒಂದು ಸಂಜೆ ಖರ್ಜೂರ ಬಾಯಿಗಿಟ್ಟು, ಒಂದು ಲೋಟ ನೀರು ಕುಡಿದು, ಮಗ್ರಿಬ್ ನಮಾಜು ಮುಗಿಸಿದ್ದೇ ತಡ, ನನ್ನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಕಿಸೆಯಲ್ಲಿ ಖರ್ರಾದ ಪೊಟ್ಟಣವಿತ್ತು. ನಮಾಜಿನ ಚಾಪೆಯನ್ನು ಇನ್ನೂ ಮಡಚಿರಲಿಲ್ಲ. ಅಡುಗೆಮನೆಯಿಂದ ಭಜಿಯ ತಾಟು ಹಿಡಿದು ಬಂದ ನನ್ನ ಹೆಂಡತಿ ಅಲ್ಲೇ ನಿಂತಳು.

"ಬೆಳಿಗ್ಗಿಂದ ಹದಿನಾಲ್ಕು ತಾಸ ತಡದ್ರಿ, ನೀರು ಸುದ್ದಾ ಮುಟ್ಟಲಿಲ್ಲ. ಈಗ ಭಜಿ ತಿನ್ನೂತನಕ ತಡಿಯಾಕ ಆಗೂದಿಲ್ಲೇನ್ರಿ?"

"ರೋಜಾ ಬಿಟ್ಟಾತಲ್ಲ, ಇನ್ನೇನು?" ಎಂದು ರೇಗಿದೆ. ಅವಳು ತಾಟು ಇಟ್ಟು ಒಳಗೆ ಹೋದಳು.

ಸಿಟ್ಟು ಬಂದದ್ದು ಅವಳ ಮಾತಿಗಲ್ಲ. ಅದೇ ಪ್ರಶ್ನೆಯನ್ನು ನಾನು ಎಷ್ಟೋ ಸಲ ನನಗೇ ಕೇಳಿಕೊಂಡಿದ್ದೆ. ನಾಗಪುರದ ಬಿಸಿಲಲ್ಲಿ ದಿನವಿಡೀ ಬಾಯಾರಿಕೆ ತಡೆಯುವ ಮನುಷ್ಯ ನಾನೇ, ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಒಂದು ಚಿಟಿಕೆ ತಂಬಾಕಿನ ಮುಂದೆ ಸೋಲುವವನೂ ನಾನೇ. ಇವರಿಬ್ಬರಲ್ಲಿ ಒಬ್ಬ ಸುಳ್ಳುಗಾರ ಇರಲೇಬೇಕು. ಅವನು ಯಾರೆಂದು ಮಾತ್ರ ತಿಳಿಯುತ್ತಿರಲಿಲ್ಲ.

ನಮ್ಮದು ಗದಗಿನ ಕಡೆಯ ಹಳ್ಳಿ. ನಾವು ಪಿಂಜಾರರು. ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮನೆಮಾತು ಕನ್ನಡ. ನಾನು ನಮಾಜು ಕಲಿತದ್ದೂ ಕನ್ನಡ ಅಕ್ಷರದಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕದಿಂದಲೇ. ಒಂಬತ್ತು ವರ್ಷದ ಹಿಂದೆ ಕಂಪನಿಯವರು ನಾಗಪುರದ ಹೊರಗಿನ ಬುಟಿಬೋರಿಯ ಕಾರ್ಖಾನೆಗೆ ವರ್ಗ ಮಾಡಿದಾಗ ನಾಗಪುರದೊಳಗೆ ಪ್ರತಾಪ ನಗರದಲ್ಲಿ ಬಾಡಿಗೆ ಮನೆ ಹಿಡಿದೆವು. ನನ್ನದು ಮೇಂಟೆನೆನ್ಸ್ ಸೂಪರ್‌ವೈಸರ್ ಕೆಲಸ. ಯಂತ್ರ ನಿಂತರೆ ನಾನು ಓಡಬೇಕು.

ಖರ್ರಾ ಇಲ್ಲಿಯ ಚಟ. ಅಡಿಕೆ ಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಒದ್ದೆಯಾಗುವವರೆಗೆ ಗಸಗಸ ತಿಕ್ಕಿ ಕೊಡುತ್ತಾರೆ. ಹಳೇ ಪೇಟೆಯಾದ ಮಹಾಲಿನ ಓಣಿಯಿಂದ ಹಿಡಿದು ಕಾರ್ಖಾನೆಯ ಗೇಟಿನವರೆಗೆ ಎಲ್ಲಿ ನಿಂತರೂ ಆ ಸದ್ದು ಕೇಳುತ್ತದೆ. ಬಂದ ವರ್ಷದ ಚಳಿಗಾಲದಲ್ಲಿ ಒಂದು ಮೋಟರು ಸುಟ್ಟು ಎರಡು ಪಾಳಿ ಒಟ್ಟಿಗೇ ದುಡಿಯಬೇಕಾಯಿತು. ಆಗ ಜೊತೆಯ ಫಿಟ್ಟರ್, "ಲೇ ಲೋ ಸಾಬ್, ನೀಂದ್ ಉಡ್ ಜಾಯೇಗಿ" ಎಂದು ಅಂಗೈ ಚಾಚಿದ. ನಿದ್ದೆ ನಿಜವಾಗಿಯೂ ಹಾರಿತು. ಆಮೇಲೆ ನಿದ್ದೆ ಬಾರದ ಹೊತ್ತಿನಲ್ಲೂ ಅದು ಬೇಕಾಯಿತು.

ಆ ಸಲ ರಂಜಾನ್ ಹಬ್ಬ ಮುಗಿದ ವಾರ ನಾವಿಬ್ಬರೂ ಪಾನಿಪುರಿ ತಿನ್ನಲು ನಿಂತೆವು. ಪುರಿ ನನ್ನ ಬಾಯೊಳಗೆ ಹೋಗಲಿಲ್ಲ. ಬಾಯಿ ಅಷ್ಟು ತೆರೆಯಲೇ ಇಲ್ಲ. ತುಟಿಗೆ ತಾಗಿ ಒಡೆದು ನೀರೆಲ್ಲ ಅಂಗಿಯ ಮೇಲೆ ಸುರಿಯಿತು. ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನವೇ ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಲು ಹೇಳಿದರು. ಎರಡು ಹಿಡಿದವು, ಮೂರನೆಯದು ಹಿಡಿಯಲಿಲ್ಲ. ಕೆನ್ನೆಯ ಒಳಗಿನ ಚರ್ಮ ಬಿಗಿದು ಬೆಳ್ಳಗಾಗಿದೆ, ಬಿಗಿದದ್ದು ಪೂರ್ತಿ ಸಡಿಲಾಗುವುದಿಲ್ಲ, ಇವತ್ತೇ ಬಿಡದಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದು ಮರಾಠಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಪೊಟ್ಟಣವನ್ನು ಚರಂಡಿಗೆ ಎಸೆದೆ. ಆ ಭಯ ಎಂಟು ದಿನ ಬಾಳಿತು. ಒಂಬತ್ತನೆಯ ದಿನ ಗೇಟಿನ ಎದುರು ಮತ್ತೆ ನಿಂತಿದ್ದೆ.

ವಿಷಯ ಗೊತ್ತಾದವರೆಲ್ಲ ಒಂದೇ ಮಾತು ಹೇಳಿದರು. ಊರಿಂದ ಫೋನು ಮಾಡಿದ ಅಣ್ಣನೂ ಅದನ್ನೇ ಹೇಳಿದ: "ಐದು ಹೊತ್ತಿನ ನಮಾಜು ಬರೋಬರ್ ಹಿಡಿ. ಎಲ್ಲಾ ತಾನ ಬಿಡತೈತಿ." ಕೇಳಿ ಕೇಳಿ ಸಾಕಾಗಿತ್ತು. ನಾನೇನು ನಮಾಜು ಮಾಡದವನೇ? ಪಾಳಿಯ ದೆಸೆಯಿಂದ ಬೆಳಗಿನ ಫಜರ್ ತಪ್ಪುತ್ತಿತ್ತು, ನಿಜ. ಉಳಿದ ನಾಲ್ಕಂತೂ ಆಗುತ್ತಿದ್ದವು. ಪ್ರತಿ ಸಲ ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವಾಗ ಬಾಯಿ ಮುಕ್ಕಳಿಸಿ, ಕೆಂಪು ನೀರು ಬಿಳಿಯಾಗುವವರೆಗೆ ಉಗುಳಿ, ಹೋಗಿ ನಿಲ್ಲುತ್ತಿದ್ದೆ. ನಮಾಜು ಮುಗಿಸಿ ಹೊರಗೆ ಬಂದು ಮತ್ತೆ ಬಾಯಿಗೆ ಹಾಕುತ್ತಿದ್ದೆ. ತಾನಾಗಿ ಬಿಡುವ ಹಾಗಿದ್ದರೆ ಯಾವಾಗಲೋ ಬಿಡಬೇಕಿತ್ತು.

ಆ ಮುಕ್ಕಳಿಸುವುದನ್ನು ಗಮನಿಸಿದವರು ಮಸೀದಿಗೆ ಬರುವ ಒಬ್ಬ ಮುದುಕರು. ಸೈನ್ಯಕ್ಕೆ ಮದ್ದುಗುಂಡು ಮಾಡುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು, ಮೂಲ ಬಾಗಲಕೋಟೆಯ ಕಡೆಯವರು. ನಲವತ್ತು ವರ್ಷದಿಂದ ಇಲ್ಲೇ ಇದ್ದರೂ ಅವರ ಕನ್ನಡ ಹಾಗೇ ಉಳಿದಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಒಂದು ರಜೆಯ ಮಧ್ಯಾಹ್ನ ನಳದ ಸಾಲಿನಲ್ಲಿ ನನ್ನ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು:

"ಎಷ್ಟು ವರ್ಷದ್ದು ಇದು?"

"ಏಳ ವರ್ಷ ಆತ್ರಿ ಚಾಚಾ."

"ಬಿಡಬೇಕಂತ ಐತೋ, ಇಲ್ಲೋ?"

"ದಿನಾ ಬಿಡತೀನಿ. ದಿನಾ ಹಿಡೀತೀನಿ. ನಮಾಜು ಹಿಡಿ ಅಂತ ಮಾತ್ರ ಹೇಳಬ್ಯಾಡ್ರಿ."

ಅವರಿಗೆ ಬೇಸರವಾಗಲಿಲ್ಲ. "ನಮಾಜು ಅಂದ್ರ ಗುಳಿಗಿ ಅಲ್ಲಪಾ, ನುಂಗಿದ ಕೂಡಲೇ ಬ್ಯಾನಿ ಹೋಗಾಕ. ನೀ ಜೀವನಪೂರ್ತಿ ಬಿಡತೀನಿ ಅಂತ ಆಣಿ ಮಾಡತೀ. ಜೀವನ ಎಷ್ಟು ಉದ್ದ ಐತಂತ ನಿನಗೇನು ಗೊತ್ತು? ಈಗ ಜುಹರ್ ಮುಗಿಸಿ ಹೊರಗ ಹೋಗತೀ. ಇಳಿಹೊತ್ತಿನ ಅಸರ್‌ತನಕ ಬಾಯಿಗೆ ಹಾಕಬ್ಯಾಡ. ಅಷ್ಟ. ಅಸರ್ ಆದಮ್ಯಾಲ ಮಗ್ರಿಬ್‌ತನಕ ಅನ್ನು. ರೋಜಾದಾಗ ಸಂಜಿ ಬರತೈತಿ ಅಂತ ಗೊತ್ತಿರತೈತಿ, ಅದಕ್ಕ ತಡೀತೀ. ಇಲ್ಲೂ ಹಂಗ, ಮುಂದಿನ ನಮಾಜಿನ ಬಾಂಗ್ ಬರತೈತಿ."

ಮಾತು ಸುಲಭವಾಗಿತ್ತು. ಮಾಡುವುದು ಹಾಗಿರಲಿಲ್ಲ. ಅಸರಿನಿಂದ ಮಗ್ರಿಬ್‌ವರೆಗಿನ ಹೊತ್ತು ಹೇಗೋ ಸರಿಯುತ್ತಿತ್ತು. ಫಜರಿನಿಂದ ಮಧ್ಯಾಹ್ನದ ಜುಹರಿನವರೆಗೆ ಬಿದ್ದುಕೊಂಡಿರುವ ಹೊತ್ತು ಮಾತ್ರ ಮರುಭೂಮಿ. ಅದರಲ್ಲೇ ಕಂಪನಿ ಬಸ್ಸು, ಅದರಲ್ಲೇ ಗೇಟು, ಅದರಲ್ಲೇ ಗಸಗಸ ಸದ್ದು. ಮೊದಲ ವಾರ ತಲೆ ಸಿಡಿಯಿತು. ಒಬ್ಬ ಹೆಲ್ಪರ್ ಸ್ಪ್ಯಾನರ್ ಬದಲು ಇಕ್ಕಳ ತಂದುಕೊಟ್ಟನೆಂದು ಹತ್ತು ಜನರ ಎದುರು ಬೈದೆ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯೆಂದು ತಾಟು ಸರಿಸಿದೆ. "ಖರ್ರಾ ತಿಂದಾಗ ಇಷ್ಟು ಕೆಟ್ಟವರಿರಲಿಲ್ಲ ನೀವು" ಎಂದಳು ಹೆಂಡತಿ. ಅವಳು ಹೇಳಿದ್ದು ತಮಾಷೆಗೋ ನಿಜಕ್ಕೋ ನನಗೆ ಇಂದಿಗೂ ಗೊತ್ತಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ನಮಾಜೇ. ಕಾರ್ಖಾನೆಯಲ್ಲಿ ಕಂಪ್ರೆಸರ್ ಕೋಣೆಯ ಹಿಂದೆ ಒಂದು ಮೂಲೆಯಿದೆ. ಅಲ್ಲಿ ರಟ್ಟಿನ ಹಾಳೆ ಹಾಸಿ ನಿಲ್ಲುತ್ತಿದ್ದೆ. ಕೈ ಕಟ್ಟಿ ನಿಂತರೆ ಮನಸ್ಸಿನಲ್ಲಿ ಬರುತ್ತಿದ್ದುದು ದೇವರಲ್ಲ, ತಂಬಾಕು. ಹಣೆ ನೆಲಕ್ಕೆ ತಾಗಿಸಿದರೆ ಅದೇ ವಾಸನೆ. ಇದು ಯಾವ ಸೀಮೆಯ ಪ್ರಾರ್ಥನೆ? ನನಗಿಂತ ಆ ರಟ್ಟಿಗೇ ಹೆಚ್ಚು ಭಕ್ತಿ ಇರಬೇಕು ಎನಿಸುತ್ತಿತ್ತು. ಮಸೀದಿಯಲ್ಲಿ ಸುಕೂನ್, ನೆಮ್ಮದಿ ಎಂದೆಲ್ಲ ಉರ್ದುವಿನಲ್ಲಿ ಹೇಳುತ್ತಿದ್ದರು. ಅರ್ಧ ಅರ್ಥವಾಗುತ್ತಿತ್ತು. ಅರ್ಥವಾದ ಅರ್ಧವೂ ನನ್ನ ಅನುಭವಕ್ಕೆ ಬರಲಿಲ್ಲ.

ಹೀಗೆ ಇಪ್ಪತ್ತೆರಡು ದಿನ ಕಳೆದವು. ಇಪ್ಪತ್ಮೂರನೆಯ ದಿನ ಕನ್ವೇಯರಿನ ಗೇರ್‌ಬಾಕ್ಸ್ ಮುರಿಯಿತು. ದೊಡ್ಡ ಸಾಹೇಬರು ಬಂದು ಎಲ್ಲರ ಎದುರು ನನ್ನನ್ನು ಹರಿದು ಹಾಕಿದರು. ಬಿಡಿಭಾಗ ತರಿಸಿ ಎಂದು ಎರಡು ಸಲ ಬರೆದುಕೊಟ್ಟವನು ನಾನೇ. ಅವರು ಹೋದ ಮೇಲೆ ಫಿಟ್ಟರ್ ಅಂಗೈ ಚಾಚಿದ. ನಾನು ತೆಗೆದುಕೊಂಡು ಬಾಯಿಗೆ ಹಾಕಿದೆ.

ಆ ಮಧ್ಯಾಹ್ನ ಅಸರ್ ನಮಾಜಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಮಗ್ರಿಬ್ ಬಿಟ್ಟೆ, ರಾತ್ರಿಯ ಇಶಾ ಬಿಟ್ಟೆ. ಬೆಳಿಗ್ಗೆ ಬಾಂಗ್ ಕೇಳಿಸಿದರೂ ಹೊದಿಕೆ ಎಳೆದುಕೊಂಡೆ. ಮೂರು ದಿನ ಹೀಗೇ ಹೋಯಿತು. ಖರ್ರಾ ಮಾತ್ರ ಮೊದಲಿಗಿಂತ ಎರಡು ಪಟ್ಟಾಯಿತು.

ನಾಲ್ಕನೆಯ ದಿನ ರವಿವಾರ. ಬೆಳಿಗ್ಗೆ ಹತ್ತು ಗಂಟೆಗೆ ಚಾಚಾ ಮನೆಗೆ ಬಂದರು. ಮಸೀದಿಯಲ್ಲಿ ಕಾಣಲಿಲ್ಲವೆಂದು ವಿಳಾಸ ಕೇಳಿಕೊಂಡು, ಮೊಣಕಾಲು ನೋವಿನಲ್ಲೇ ಎರಡು ಅಂತಸ್ತು ಹತ್ತಿ ಬಂದಿದ್ದರು. ಹೆಂಡತಿ ಚಹಾ ಕೊಟ್ಟಳು. ನಾನು ಎಲ್ಲ ಹೇಳಿದೆ.

"ಖರ್ರಾ ತಿಂದದ್ದು ಒಂದು ತಪ್ಪು. ನಮಾಜು ಯಾಕ ಬಿಟ್ಟಿ?" ಎಂದರು.

"ಸುಳ್ಳು ನಮಾಜು ಯಾಕ ಮಾಡೂದ್ರಿ? ಅಲ್ಲಿ ನಿಂತು ತಂಬಾಕಿನ ಧ್ಯಾನ ಮಾಡತೀನಿ. ಅಲ್ಲಾಹನಿಗೆ ಗೊತ್ತಾಗೂದಿಲ್ಲೇನು?"

"ಗೊತ್ತೈತಿ. ನೀ ಬಿಟ್ಟು ಹೋದ ಮೂರು ದಿನ ಏನ ಧ್ಯಾನ ಮಾಡಿದಿ ಅನ್ನೂದೂ ಗೊತ್ತೈತಿ. ಬಿದ್ದಾಂವ ಬಿದ್ದ ಜಾಗಾದಾಗ ಮನಿ ಕಟ್ಟತಾನೇನೋ? ಬಾಯಿ ತೊಳಕೊಂಡು ಅದ ಮುಖಾ ತಗೊಂಡು ಬಂದು ನಿಂದರು. ಬ್ಯಾರೆ ಮುಖಾ ಎಲ್ಲಿಂದ ತರತೀ?"

ಅವರಿಗೆ ಇಂಥದ್ದರ ಕಷ್ಟ ಗೊತ್ತಿಲ್ಲವೆಂಬ ಧೈರ್ಯದಲ್ಲಿ, "ನಿಮಗೇನ್ರಿ ಚಾಚಾ, ಯಾವ ಚಟಾನೂ ಇಲ್ಲ" ಎಂದೆ.

ಚಾಚಾ ನಕ್ಕರು. ಪಾಳಿಗೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರಂತೆ. ಬಿಟ್ಟು ಇಪ್ಪತ್ತು ವರ್ಷವಾಯಿತಂತೆ.

"ಈಗ ಆಸಿ ಬರೂದಿಲ್ಲಲ್ರಿ?" ಎಂದು ಕೇಳಿದೆ.

"ಇವತ್ತ ಮುಂಜಾನಿ ಬಂದಿತ್ತು. ನಿನ್ನ ಮೆಟ್ಟಲಾ ಹತ್ತೂವಾಗ."

ಬೇರೆ ಯಾರಿಗಾದರೂ ಆ ಮಾತು ಸಮಾಧಾನ ಕೊಡುತ್ತಿತ್ತೇನೋ. ನನಗೆ ಅಳುವಷ್ಟು ಸಿಟ್ಟು ಬಂತು. ಇಪ್ಪತ್ತು ವರ್ಷ ದಿನಕ್ಕೈದು ಸಲ ತಲೆ ಬಾಗಿಸಿದ ಮೇಲೂ ಆಸೆ ಸಾಯುವುದಿಲ್ಲವೆಂದರೆ ನನ್ನ ಗತಿಯೇನು? ಅದನ್ನೇ ಅವರಿಗೆ ಹೇಳಿದೆ.

"ಆಸಿ ಸಾಯಬೇಕಂತ ಯಾರು ಹೇಳ್ಯಾರ?" ಎಂದು ಚಹಾದ ಕಪ್ಪು ಕೆಳಗಿಟ್ಟರು. "ಅದು ಇರತೈತಿ. ನೀ ಅದರ ಮಾತು ಕೇಳಬ್ಯಾಡ. ಮನಸು ಗಟ್ಟಿ ಆದ ಮ್ಯಾಲ ನಮಾಜು ಮಾಡತೀನಿ ಅಂದ್ರ ಎರಡೂ ಆಗೂದಿಲ್ಲ. ಮನಸು ಇಲ್ಲದಿದ್ರೂ ಹೊತ್ತಿಗೆ ಸರಿಯಾಗಿ ಎದ್ದು ನಿಂದರತೀಯಲ್ಲ, ಗಟ್ಟಿ ಆಗೂದು ಅದರಾಗ. ಚಲೋ, ಜುಹರ್‌ಗೆ ಬಾ."

ಜುಹರ್‌ಗೆ ಹೋದೆ. ಮನಸ್ಸಿದ್ದು ಹೋಗಲಿಲ್ಲ. ಅವರು ಮತ್ತೆ ಎರಡು ಅಂತಸ್ತು ಹತ್ತಿಬಿಟ್ಟಾರೆಂಬ ಸಂಕೋಚಕ್ಕೆ ಹೋದೆ.

ಆಮೇಲೂ ನಾನು ಬಿದ್ದೆ. ನೆನಪಿರುವಂತೆ ನಾಲ್ಕು ಸಲ. ಬಿದ್ದಾಗಲೆಲ್ಲ ನಾಚಿಕೆ ಮೊದಲಿನಷ್ಟೇ ಇರುತ್ತಿತ್ತು. ಆದರೆ ಮುಂದಿನ ನಮಾಜು ಬಿಡಲಿಲ್ಲ. ಬಾಯಲ್ಲಿ ಇನ್ನೂ ಉರಿ ಇರುವಾಗಲೇ ಮುಕ್ಕಳಿಸಿ ಸಾಲಿನಲ್ಲಿ ನಿಂತಿದ್ದೇನೆ, ಪಕ್ಕದವರಿಗೆ ವಾಸನೆ ಬಂದೀತೆಂದು ಉಸಿರು ಹಿಡಿದು. ಸೋಮವಾರ, ಗುರುವಾರ ರೋಜಾ ಹಿಡಿಯಲು ಶುರುಮಾಡಿದೆ. ಆ ಎರಡು ದಿನವಾದರೂ ಬೆಳಗಿನಿಂದ ಸಂಜೆಯವರೆಗೆ ಜಗಳವಿಲ್ಲ. ಹೆಂಡತಿಯೂ ನನ್ನ ಜೊತೆ ಹಿಡಿದಳು. "ನಿಮಗ ನಸುಕಿನಾಗ ಸಹರಿ ಅಡಗಿ ಮಾಡಾಕ ಹೆಂಗಿದ್ರೂ ಏಳಬೇಕಲ್ಲ" ಎಂದಳು.

ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಐಸ್‌ಕ್ರೀಮಿನ ಕಟ್ಟಿಗೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ತುರುಕಿ ಐದು ನಿಮಿಷ ಕೂರಬೇಕು. ದಿನಕ್ಕೆ ಐದು ಸಲ ಮಾಡಿ ಎಂದಿದ್ದರು. ಐದು ಎಂದಾಗ ಬೇರೆ ಲೆಕ್ಕ ಇಡಬೇಕಾಗಲಿಲ್ಲ. ನಮಾಜು ಮುಗಿದ ಕೂಡಲೇ ಮೂಲೆಯಲ್ಲಿ ಕೂತು ಕಡ್ಡಿ ಕಚ್ಚಿಕೊಳ್ಳುತ್ತೇನೆ. ಜೊಲ್ಲು ಸುರಿಯುತ್ತದೆ, ಕರ್ಚೀಫು ಹಿಡಿದಿರುತ್ತೇನೆ. ಹದಿನೇಳು ಕಡ್ಡಿಯಿಂದ ಇಪ್ಪತ್ತೊಂದಕ್ಕೆ ಬರಲು ಒಂದು ವರ್ಷ ಬೇಕಾಯಿತು. ಮೂರನೆಯ ಬೆರಳು ಇನ್ನೂ ಪೂರ್ತಿ ಹಿಡಿಯುವುದಿಲ್ಲ. ಹಸಿಮೆಣಸಿನಕಾಯಿಯ ಚಟ್ನಿ ತಿನ್ನಲಾರೆ. ಊರಿನಿಂದ ಬಂದ ಕೆಂಪು ಖಾರದ ಡಬ್ಬಿ ಹಾಗೇ ಇದೆ. ನಾನೇ ಮಾಡಿಕೊಂಡದ್ದು ಎಂದು ಗೊತ್ತಿದ್ದರೂ ಊಟಕ್ಕೆ ಕೂತಾಗಲೆಲ್ಲ ಹೊಟ್ಟೆಯುರಿಯುತ್ತದೆ.

ಖರ್ರಾ ಮುಟ್ಟದೆ ಈಗ ಒಂಬತ್ತು ತಿಂಗಳಾಗಿದೆ. ಬಿಟ್ಟಿದ್ದೇನೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಣ್ಣ ಮಾತ್ರ ಊರಲ್ಲಿ ಎಲ್ಲರಿಗೂ, "ನಮಾಜು ಹಿಡಿದ, ಬಿಟ್ಟಬಿಟ್ಟ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನಂತೆ. ಆ ಎರಡು ಮಾತುಗಳ ನಡುವೆ ಎಷ್ಟು ಮಧ್ಯಾಹ್ನಗಳು ಹೋದವು ಎಂದು ಅವನಿಗೆ ಹೇಗೆ ತಿಳಿಯಬೇಕು!

ಕಳೆದ ಮಂಗಳವಾರ ಪ್ಯಾಕಿಂಗ್ ಯಂತ್ರ ಕೈಕೊಟ್ಟಿತು. ಮೂರು ತಾಸು ಹೆಣಗಿದರೂ ಕಾರಣ ಸಿಗಲಿಲ್ಲ. ಫೋನಿನ ಮೇಲೆ ಫೋನು ಬರುತ್ತಿತ್ತು. ಅಸರ್ ಹೊತ್ತಾಗಿತ್ತು. ಕೈಯ ಗ್ರೀಸು ತೊಳೆದು, ವಜೂ ಮಾಡಿ, ರಟ್ಟು ಹಾಸಿ ನಿಂತೆ. ಮನಸ್ಸು ಯಂತ್ರದಲ್ಲೇ ಇತ್ತು. ನಡುವೆ, ನಿಂತು ಬಾಗಿ ಮಾಡುವ ಸುತ್ತು, ಅಂದರೆ ರಕಾತು, ಮೂರಾಯಿತೋ ನಾಲ್ಕೋ ಮರೆತೇಹೋಯಿತು. ಮೂರೆಂದು ಹಿಡಿದು ಇನ್ನೊಂದು ಮಾಡಿದೆ. ಮರೆತವರಿಗೆಂದೇ ಇರುವ, ಹಣೆ ನೆಲಕ್ಕೆ ಹಚ್ಚುವ ಎರಡು ಸಜ್ದಾ ಕೊನೆಗೆ ಮಾಡಿ ಸಲಾಮ್ ಹೇಳಿ ಮುಗಿಸಿದೆ. ಸಿಟ್ಟು ಇಳಿದಿರಲಿಲ್ಲ. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ಕಡ್ಡಿ ಕಚ್ಚಿಕೊಂಡಿದ್ದರಿಂದ ಎತ್ತಿ ಮಾತಾಡಲಾಗಲಿಲ್ಲ. ಐದು ನಿಮಿಷ ಅದು ಬಡಿದುಕೊಳ್ಳಲೆಂದು ಬಿಟ್ಟು, ಆಮೇಲೆ ಎದ್ದು ಯಂತ್ರದ ಕಡೆಗೆ ನಡೆದೆ.