ಹೌಸಾಬಾಯಿಯ ಸೈಕಲ್ಲು

ನಮ್ಮ ಗಲ್ಲಿಯ ಹೌಸಾಬಾಯಿ ಸೈಕಲ್ ಕಲಿಯಲು ಹೊರಟಾಗ ಇಡೀ ವಿಟಾ ಊರೇ ನಕ್ಕಿತು. ನಗಲಿ. ನಕ್ಕವರಲ್ಲಿ ಒಬ್ಬರಾದರೂ ಅವಳನ್ನು ಒಂದು ದಿನ ಆಸ್ಪತ್ರೆಯ ಕೆಲಸಕ್ಕೆ ಬಿಟ್ಟುಬಂದವರಲ್ಲ.

ಗಂಡ ಸತ್ತ ಮೇಲೆ ಅವಳು ಊರಾಚೆಯ ಆಸ್ಪತ್ರೆಯ ಅಡುಗೆಮನೆ ಸೇರಿದ್ದಳು. ಬೆಳಗಿನ ಆರಕ್ಕೆ ಒಲೆ ಹೊತ್ತಿಸಬೇಕು. ರಿಕ್ಷಾದವರೋ, ಸೀಟು ತುಂಬದೆ ಕದಲುವವರಲ್ಲ. "ಇನ್ನೊಮ್ಮೆ ತಡಾ ಮಾಡಿದ್ರ ಬ್ಯಾರೆ ಹೆಣ್ಮಗಳನ್ನ ಕರಸ್ತೀನಿ" ಎಂದು ಅಡುಗೆ ಗುತ್ತಿಗೆದಾರ ಜಗದಾಳೆ ಹೇಳಿಬಿಟ್ಟ. ಅಂದು ಸಂಜೆಯೇ ಅವಳು ಹಳೇ ಸೈಕಲ್ಲೊಂದನ್ನು ತಳ್ಳಿಕೊಂಡು ನನ್ನ ಬಾಗಿಲಿಗೆ ಬಂದಳು.

"ಹಿಂದ ಹಿಡ್ಕೊ ಬಾ."

ಹಿಡಿದೆ. ಶಾಲೆಯ ಮೈದಾನದಲ್ಲಿ ಬಿದ್ದಳು, ನನ್ನನ್ನೂ ಬೀಳಿಸಿದಳು, ಸೈಕಲ್ಲಿಗೆ ಬೈದಳು, ಮತ್ತೆ ಹತ್ತಿದಳು. ಅವಳದು ಕಚ್ಚೆ ಸೀರೆ, ಸೈಕಲ್ಲಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ನೆರಿಗೆ ಹಿಡಿದು ಉಡುವ ನಾವು ಪಕ್ಕದಲ್ಲಿ ನಿಂತು ನೋಡಬೇಕಾಯಿತು. ಕಲಿಯುವ ತನಕ ಕತ್ತಲಲ್ಲೇ ಎದ್ದು ಕೆಲಸಕ್ಕೆ ನಡೆದು ಹೋದಳು.

ಸಂಕಟವಾದದ್ದು ಮಗ ಭಾನುದಾಸನಿಗೆ. ಅವನು ಮುಖ್ಯರಸ್ತೆಯಲ್ಲಿ ಮೋಟರ್ ಬೈಕು ಮಾರುವ ಅಂಗಡಿಯಲ್ಲಿದ್ದ. ತಾಯಿ ಮನೆಗೆ ಮರಳುವುದು ಅದರ ಎದುರಿನಿಂದಲೇ. "ಅವ್ವಗ ಒಂದು ಗಾಡಿ ಕೊಡಸವಲ್ಲಿ, ನಮಗೇನ್ ಮಾರ್ತಿ?" ಎಂದು ಗಿರಾಕಿಯೊಬ್ಬ ಚುಚ್ಚಿದನಂತೆ.

"ಕೆಲಸ ಬಿಡು ಆಯಿ. ಮನ್ಯಾಗ ನಿನಗೇನ್ ಕಡಿಮಿ ಆಗೇತಿ?"

"ಕಡಿಮಿ ಏನಿಲ್ಲ. ಚಹಾಪುಡಿಗೂ ನಿನ್ನ ಹೇಣ್ತಿ ಮಾರಿ ನೋಡೋದು ಹೆಚ್ಚಾಗೇತಿ."

"ಹಂಗಾರ ನಾನೇ ಬಿಟ್ಟು ಬರ್ತೀನಿ."

"ಎಂಟಕ್ಕ ಏಳಾಂವ ಆರಕ್ಕ ಹೆಂಗ ಬಿಡ್ತಿ?"

ಮಾತು ಅಲ್ಲಿಗೆ ನಿಂತಿತು. ಮಗನ ಹಟ ನಿಲ್ಲಲಿಲ್ಲ.

ದಸರೆಯ ನವಮಿಯ ನಸುಕಿನಲ್ಲಿ ಗಂಟೆಯ ಸದ್ದು ಕೇಳಿ ಹೊರಗೆ ಬಂದೆ. ನೋಡಿದರೆ, ಭಾನುದಾಸ ಮಿಂದು ಮಡಿಯುಟ್ಟು ತಾಯಿಯ ಸೈಕಲ್ಲಿಗೆ ಆಯುಧಪೂಜೆ ಮಾಡುತ್ತಿದ್ದಾನೆ. ಅರಿಶಿನ, ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ. ಇವನಿಗೆ ಯಾವಾಗ ಬಂತಪ್ಪ ಈ ಭಕ್ತಿ ಎನ್ನುವಷ್ಟರಲ್ಲಿ ಹೌಸಾಬಾಯಿ ಬುತ್ತಿ ಹಿಡಿದು ಹೊರಬಂದಳು.

"ಮುಟ್ಟಬ್ಯಾಡ ಆಯಿ. ಪೂಜಿ ಆದ ಆಯುಧ ನಾಳಿತನಕಾ ಕದಲಬಾರದು."

ಕಳ್ಳ ನನ್ಮಗ, ದೇವರನ್ನೇ ಅಡ್ಡ ಇಟ್ಟಿದ್ದ. ಅಂದು ರಿಕ್ಷಾಗಳೂ ಪೂಜೆಗೆ ನಿಂತಿದ್ದವು, ಈಗ ನಡೆದು ಹೋದರೆ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ. ಒಂದು ದಿನ ತಪ್ಪಿದರೆ ಕೆಲಸವೇ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಹೌಸಾಬಾಯಿ ಹೆದರಿ ನಿಂತುಬಿಟ್ಟಳು. ಪೂಜೆಯಾದ ಈಳಿಗೆಯನ್ನು ಕೂಡ ಆ ದಿನ ಮುಟ್ಟಿದವಳಲ್ಲ ಅವಳು.

ಅಷ್ಟರಲ್ಲಿ ಅವಳ ಕಣ್ಣು ನೆಲಕ್ಕೆ ಹೋಯಿತು. ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು. ದಿನಾ ಹೊಸ ಗಾಡಿಗಳಿಗೆ ಪೂಜೆ ಮಾಡಿಸಿ ಮಾಡಿಸಿ ಅವನ ಕೈಗೆ ಅದೇ ರೂಢಿಯಾಗಿತ್ತು.

"ಇದನ್ಯಾಕ ಇಟ್ಟಿ ಭಾನ್ಯಾ?"

ಅವನು ಹ್ಯಾಂಡಲ್ಲಿನ ಮಾಲೆ ಸರಿಪಡಿಸತೊಡಗಿದ.

"ಅಂಗಡ್ಯಾಗ ಗಿರಾಕಿಗೆ ಏನಂತ ಹೇಳ್ತಿ?"

"ಇದರ ಮ್ಯಾಲೆ ಹಾಯಿಸ್ಕೊಂಡು ಹೋಗ್ರಿ ಅಂತ," ಎಂದ ಭಾನುದಾಸ, ನೆಲ ನೋಡುತ್ತ.

"ಹಂಗಾರ ನಿನ್ನ ಪೂಜಿ ಇನ್ನಾ ಮುಗದಿಲ್ಲ. ಅರ್ಧಾ ಪೂಜಿ ಮನೀಗೆ ಛಲೋ ಅಲ್ಲ. ಅತ್ತಾಗ ಸರಿ."

ಅವಳು ಕಚ್ಚೆ ಬಿಗಿದು ಸೈಕಲ್ ಹತ್ತಿದಳು. ಅವನು ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡ.

"ಮಂದಿ ನಗ್ತಾರ ಆಯಿ."

"ನಗಲಿ. ಅವರ ಒಲಿ ನಾ ಹಚ್ಚಂಗಿಲ್ಲ, ನನ್ನ ಒಲಿ ಅವರು ಹಚ್ಚಂಗಿಲ್ಲ. ಕೈ ಬಿಡು."

ಬಿಟ್ಟ. ನಿಂಬೆಹಣ್ಣು ಪಚಕ್ಕೆಂದಿತು. ಹೌಸಾಬಾಯಿ ಹೂ ಉದುರಿಸುತ್ತ ಗಲ್ಲಿ ದಾಟಿದಳು. ನಾನು ಖುಷಿಗೆ ಅಳುತ್ತ ನಿಂತಿದ್ದೆ.

ಹಬ್ಬದ ದಿನ ಇವಳು ಹೇಗೂ ತಡ ಮಾಡುತ್ತಾಳೆಂದು ಜಗದಾಳೆ ಬೇರೆ ಹೆಂಗಸನ್ನು ಕರೆಸಿಯೇಬಿಟ್ಟಿದ್ದ. ಆ ಹೆಂಗಸು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಆರಕ್ಕೆ ಮೊದಲೇ ಮುಟ್ಟಿದ ಹೌಸಾಬಾಯಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆವರು ಒರೆಸಿಕೊಂಡು, ಅವಳ ಪಕ್ಕದಿಂದಲೇ ಹಾದು ಒಳಗೆ ಹೋದಳು.

"ಹೆಂಗೂ ಬಂದಿ, ಚಹಾ ಕುಡದು ಹೋಗವಾ," ಎಂದು ಆ ಹೆಂಗಸಿಗೆ ಹೇಳಿದಳಂತೆ. "ಒಲಿ ನಾ ಹಚ್ತೀನಿ."